ವೇಷ ಅವರದು, ಚಿತ್ರ ಯಾರದು?

ಪ್ರತಿ ವರ್ಷವೂ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆ ಮುಗಿದೊಡನೆ ವೇದಿಕೆಯ ಹಿಂಬದಿಯಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆಯುತ್ತದೆ. ತಂದೆ, ತಾಯಿ, ಸೋದರಮಾವ, ಪಕ್ಕದ ಮನೆಯವರು, ಎಲ್ಲರ ಕೈಯಲ್ಲೂ ಫೋನು. "ಇತ್ತ ನೋಡು", "ಕತ್ತಿ ಎತ್ತು", "ನಗಬೇಡ, ನೀನು ವೀರ" ಎಂದು ನಾಲ್ಕು ದಿಕ್ಕಿನಿಂದಲೂ ಅಪ್ಪಣೆಗಳು. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯ ಹುಡುಗನೊಬ್ಬ ಧೀರನ್ ಚಿನ್ನಮಲೈ ಆಗಿ ಬಂದಿದ್ದ. 1805ರಲ್ಲಿ ನಮ್ಮ ಈ ಶಂಕಗಿರಿ ಕೋಟೆಯಲ್ಲಿಯೇ ಗಲ್ಲಿಗೇರಿದ ವೀರನ ವೇಷ ಎಂದ ಮೇಲೆ ಕೇಳಬೇಕೆ! ಅವನ ಸುತ್ತಲೇ ಹೆಚ್ಚು ಜನ. ಕಾಡಿಗೆಯಲ್ಲಿ ಬರೆದ ಮೀಸೆ ಬೆವರಿಗೆ ಕರಗಿ ಬಾಯೊಳಗೆ ಇಳಿಯುತ್ತಿತ್ತು. ರುಮಾಲಿನ ಬಿಗಿಗೆ ಹಣೆಯಲ್ಲಿ ಗೆರೆ ಮೂಡಿತ್ತು. ಹುಡುಗನಿಗೆ ಬಾಯಾರಿದೆಯೆ ಎಂದು ಕೇಳಿದವರು ಒಬ್ಬರೂ ಇಲ್ಲ. ಆ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಕ್ಯಾಮೆರಾ ಹಿಡಿದು, ಎಲ್ಲರಿಗಿಂತ ಮುಂದೆ ಮಂಡಿಯೂರಿ ಕುಳಿತಿದ್ದವರು ನಾವೇ. ಆದ್ದರಿಂದ ಈ ಲೇಖನವನ್ನು ಪರರಿಗೆ ಉಪದೇಶವೆಂದು ಯಾರೂ ತಿಳಿಯಬಾರದಾಗಿ ಕೋರಿಕೆ.

ಛಾಯಾಗ್ರಹಣ ನಮಗೆ ಹೊಟ್ಟೆಪಾಡಲ್ಲ. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ನಡುವೆ ಉಳಿಯುವ ಭಾನುವಾರಗಳ ಹವ್ಯಾಸ. ಅದರಲ್ಲಿಯೂ ವೇಷ ತೊಟ್ಟವರನ್ನು ಚಿತ್ರಿಸುವುದು ನಮ್ಮ ಹುಚ್ಚು. ಸೇಲಂ ಗುಗೈಯ ಮಾರಿಯಮ್ಮನ್ ಕಾಳಿಯಮ್ಮನ್ ದೇವಾಲಯದ ಆಡಿ ತಿಂಗಳ ಹಬ್ಬದಲ್ಲಿ 'ವಂಡಿ ವೇಡಿಕ್ಕೈ' ಎಂಬ ಮೆರವಣಿಗೆ ನಡೆಯುವುದನ್ನು ಈ ಭಾಗದವರೆಲ್ಲ ಬಲ್ಲರು. ಊರಿನ ಸಾಮಾನ್ಯ ಜನರೇ ಶಿವ, ವಿಷ್ಣು, ಮುರುಗ, ದೇವಿಯರ ವೇಷ ತೊಟ್ಟು, ಅಲಂಕರಿಸಿದ ಬಂಡಿಗಳ ಮೇಲೆ ರಾತ್ರಿ ಬೀದಿ ಸುತ್ತಿ ಬರುತ್ತಾರೆ. ಎತ್ತಿನ ಗಾಡಿಯ ಜಾಗಕ್ಕೆ ಲಾರಿ ಬಂದಿದೆ, ಪಂಜಿನ ಜಾಗಕ್ಕೆ ಬಣ್ಣದ ದೀಪ ಬಂದಿದೆ. ವೇಷ ಮಾತ್ರ ಹಾಗೆಯೇ ಇದೆ. ಬಂಡಿಯ ಮೇಲಿನ ದೇವರು ಮರುದಿನ ಮಗ್ಗದ ಮುಂದೆಯೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೋ ಕುಳಿತಿರುತ್ತಾನೆ. ಅದನ್ನು ತಿಳಿದೂ ಜನ ಕೈಮುಗಿಯುತ್ತಾರೆ. ಧರ್ಮಪುರಿ ಕಡೆಯ ತೆರುಕ್ಕೂತ್ತಿನಲ್ಲಿಯೂ ಅಷ್ಟೆ. ಸಣ್ಣ ಕನ್ನಡಿಯೊಂದನ್ನು ಮುಂದಿಟ್ಟುಕೊಂಡು ನಟ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಮರದ ಕಿರೀಟ, ಭುಜಕಟ್ಟುಗಳನ್ನು ಬಿಗಿದು ಎದ್ದು ನಿಂತನೆಂದರೆ ಅವನು ದುರ್ಯೋಧನ.

ಹೀಗಿರುವಾಗ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸಾರ್, ನೀವು ಒಮ್ಮೆ ಬೆಂಗಳೂರಿಗೆ ಬನ್ನಿ, ಅಲ್ಲಿಯ ವೇಷ ನೋಡಿ" ಎಂದು ಕರೆದಳು. ಹೋದೆವು. ಕಾಮಿಕ್ ಕಾನ್ ಎಂಬುದು ಆ ಮೇಳದ ಹೆಸರು. ಬೆಂಗಳೂರಿನಲ್ಲಿ ಅದು ಮೊದಲು ನಡೆದದ್ದು 2012ರಲ್ಲಿ. ಚೆನ್ನೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ನಾವು ಹೋದ ವರ್ಷ ಅದು ವೈಟ್‌ಫೀಲ್ಡಿನ ದೊಡ್ಡ ಪ್ರದರ್ಶನಾಂಗಣದಲ್ಲಿ ಏರ್ಪಾಡಾಗಿತ್ತು. ಚಿತ್ರಕಥೆಗಳ, ಜಪಾನಿನ ಆನಿಮೆ ಚಲನಚಿತ್ರಗಳ ಪಾತ್ರಗಳಂತೆ ವೇಷ ತೊಟ್ಟ ನೂರಾರು ಹುಡುಗ ಹುಡುಗಿಯರು. ಇದಕ್ಕೆ ಕಾಸ್‌ಪ್ಲೇ ಎಂದು ಹೆಸರು. ವೇಷ ಮತ್ತು ಆಟ ಎಂಬ ಎರಡು ಇಂಗ್ಲಿಷ್ ಪದಗಳನ್ನು ಮುರಿದು ಜೋಡಿಸಿ 1983ರಲ್ಲಿ ನೊಬುಯುಕಿ ತಕಾಹಾಶಿ ಎಂಬ ಜಪಾನೀ ಬರಹಗಾರ ಪತ್ರಿಕೆಯೊಂದರಲ್ಲಿ ಈ ಮಾತನ್ನು ಬಳಸಿದ. ಹೆಸರು ಹೊಸದಾದರೂ ಚಟ ಅದಕ್ಕಿಂತ ಹಳೆಯದು: 1939ರಲ್ಲಿಯೇ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್ಮನ್ ಎಂಬ ಯುವಕನೂ ಮರ್ಟಲ್ ಡಗ್ಲಸ್ ಎಂಬ ಯುವತಿಯೂ ಮುಂದಿನ ಶತಮಾನದವರಂತೆ ಉಡುಪು ತೊಟ್ಟು ಬಂದಿದ್ದರು. ಆ ಉಡುಪುಗಳನ್ನು ಹೊಲಿದವಳು ಮರ್ಟಲ್. ಹೆಸರು ಹೆಚ್ಚಾಗಿ ಅಕರ್ಮನ್‌ನಿಗೆ ಬಂತು. ಹೊಲಿದವರ ಹೆಸರು ಹಿಂದೆ ಉಳಿಯುವುದು ಎಲ್ಲ ದೇಶದಲ್ಲೂ ಒಂದೇ ಎಂದು ಕಾಣುತ್ತದೆ.

ಇವೆಲ್ಲ ಉಂಡಾಡಿಗಳ ಕಾಲಹರಣ ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ಹೇಳುವುದುಂಟು. ಅವರು ಆ ಹುಡುಗಿಯ ನಿಲುವಂಗಿಯನ್ನು ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅವಳು ತೊಟ್ಟದ್ದು ತಂಜಿರೋ ಎಂಬ ಹುಡುಗನ ವೇಷ. 2016ರಿಂದ 2020ರವರೆಗೆ ಚಿತ್ರಕಥೆಯಾಗಿಯೂ 2019ರಿಂದ ಆನಿಮೆಯಾಗಿಯೂ ಬಂದ 'ಡೆಮನ್ ಸ್ಲೇಯರ್' ಕಥೆಯ ನಾಯಕ ಅವನು. ಇದ್ದಿಲು ಮಾರುವವರ ಮನೆಯ ಹುಡುಗ. ರಕ್ಕಸನಿಂದ ಮನೆಮಂದಿಯನ್ನು ಕಳೆದುಕೊಂಡು, ರಕ್ಕಸಿಯಾಗಿಬಿಟ್ಟ ತಂಗಿಯನ್ನು ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ತಿರುಗುವವನು. ನಮ್ಮ ಅಜ್ಜಿಯರು ಹೇಳಿದ್ದರೆ ನಾವು ಇದನ್ನೂ ರಾತ್ರಿಯೆಲ್ಲ ಕುಳಿತು ಕೇಳುತ್ತಿದ್ದೆವು. ಅವನ ನಿಲುವಂಗಿ ಹಸಿರು ಕಪ್ಪು ಚೌಕುಳಿಯದು. ಬೇಕಾದ ಅಳತೆಯ ಚೌಕುಳಿ ಬಟ್ಟೆ ಅಂಗಡಿಯಲ್ಲಿ ಸಿಕ್ಕದೆ ಅವಳು ಹಸಿರು ಬಟ್ಟೆ, ಕಪ್ಪು ಬಟ್ಟೆ ಎರಡನ್ನೂ ತಂದು, ಚೌಕ ಚೌಕವಾಗಿ ಕತ್ತರಿಸಿ, ಒಂದೊಂದನ್ನೇ ಕೂಡಿಸಿ ಹೊಲಿದಿದ್ದಳು. ಅವಳ ತಂದೆಗೆ ಲಾರಿಗಳ ತಾರ್ಪಾಲಿನ್ ಹೊಲಿಯುವ ಕಸುಬು. ಶಂಕಗಿರಿಯಂಥ ಲಾರಿಗಳ ಊರಿನಲ್ಲಿ ಆ ಯಂತ್ರಕ್ಕೆ ಹಗಲೆಲ್ಲ ಬಿಡುವಿಲ್ಲ. ಹುಡುಗಿ ಹೊಲಿದದ್ದು ರಾತ್ರಿ, ಎರಡು ತಿಂಗಳು. ಕತ್ತಿ ರಬ್ಬರಿನಂಥ ಫೋಮ್ ಹಾಳೆಯದು. ಬಿಸಿಗಾಳಿ ಹಾಯಿಸಿ ಬಗ್ಗಿಸಿ, ಬಿಸಿ ಅಂಟಿನಿಂದ ಕೂಡಿಸಿದ್ದು.

ಅಂಥ ಮೇಳದಲ್ಲಿ ಚಿತ್ರ ತೆಗೆಯುವುದೂ ಸುಲಭವಲ್ಲ. ಮಾಳಿಗೆ ಬಹಳ ಎತ್ತರ. ಮನೆಯಲ್ಲಿ ಮಾಡುವಂತೆ ಫ್ಲಾಷ್ ಬೆಳಕನ್ನು ಚಾವಣಿಗೆ ಹೊಡೆದು ಇಳಿಸಿಕೊಳ್ಳಲು ಬರುವುದಿಲ್ಲ. ಒಂದು ಕಡೆಯ ದೀಪ ನೀಲಿ, ಇನ್ನೊಂದು ಕಡೆಯದು ಹಳದಿ. ಮುಖದ ಬಣ್ಣ ಎರಡರ ನಡುವೆ ಕೆಡುತ್ತದೆ. ಹಿನ್ನೆಲೆಯಲ್ಲಿ ಬೋಂಡಾ ತಿನ್ನುವವರು. ನಾವು 50 ಮಿಲಿಮೀಟರಿನ ಮಸೂರವೊಂದನ್ನೇ ಇಟ್ಟುಕೊಂಡು, ರಂಧ್ರವನ್ನು ಪೂರ್ತಿ ತೆರೆದು, ಹಿಂದಿನವರೆಲ್ಲ ಮಸುಕಾಗುವಂತೆ ಮಾಡಿ, ಸೊಂಟದ ಎತ್ತರದಿಂದ ತೆಗೆಯುತ್ತೇವೆ. ಎಳೆಯ ಹುಡುಗನೂ ಆಗ ವೀರನಂತೆ ಕಾಣುತ್ತಾನೆ. ಕಣ್ಣಿಗೆ ಬಣ್ಣದ ಮಸೂರ ಹಾಕಿಕೊಂಡವರಿಗೆ ಫ್ಲಾಷ್ ಬೆಳಕನ್ನು ನೇರವಾಗಿ ಹೊಡೆಯಬಾರದು. ಜೇಬಿನಲ್ಲಿ ನಾಲ್ಕು ಪಿನ್ನು, ಒಂದು ಬಾಟಲಿ ನೀರು ಇರಬೇಕು. ಕವಚ ತೊಟ್ಟವರಿಗೆ ಕೂರಲೂ ಆಗದು, ನೀರು ಕುಡಿಯಲೂ ಭಯ. ಕುಡಿದರೆ ಮುಂದಿನ ಫಜೀತಿ ಬೇರೆ! ಇವನ್ನೆಲ್ಲ ನಾವು ಕಲಿತದ್ದು ಪುಸ್ತಕದಿಂದಲ್ಲ, ಆ ಮಕ್ಕಳಿಂದ.

ಅಂದು ತೆಗೆದ ಚಿತ್ರಗಳಲ್ಲಿ ನಮ್ಮ ವಿದ್ಯಾರ್ಥಿನಿಯದು ಅತ್ಯುತ್ತಮವಾಗಿ ಬಂದಿತ್ತು. ಕತ್ತಿಯ ಹಿಡಿಯ ಮೇಲೆ ಕೈ, ಹಣೆಯ ಮೇಲೆ ಗಾಯದ ಗುರುತು, ಕಣ್ಣಿನಲ್ಲಿ ಒಂದು ಹಟ. ಬಸ್ಸು ಧರ್ಮಪುರಿ ದಾಟುವ ಮೊದಲೇ ನಾವು ಅದನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಹೆಮ್ಮೆಯಿಂದ ಕಳಿಸಿದೆವು, ಹೆಸರನ್ನೂ ಹಾಕಿ ಕಳಿಸಿದೆವು. ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಗುರುಗಳು ಶಿಷ್ಯೆಯನ್ನು ಹೊಗಳಲು ಅನುಮತಿ ಏಕೆ?

ಮೂರೇ ದಿನದಲ್ಲಿ ಆ ಚಿತ್ರ ಗುಂಪಿನಿಂದ ಗುಂಪಿಗೆ ಹಾರಿ ಅವಳ ದೊಡ್ಡಪ್ಪನ ಫೋನಿಗೆ ತಲುಪಿತು. ಹುಡುಗಿ ಗಂಡುವೇಷ ಹಾಕಿ, ತಲೆಗೆ ಕೆಂಪು ಕೂದಲು ಕಟ್ಟಿ, ಬೆಂಗಳೂರಿನಲ್ಲಿ ಗಂಡುಹುಡುಗರ ನಡುವೆ ಕತ್ತಿ ಹಿಡಿದು ನಿಂತಿದ್ದಾಳೆ ಎಂದು ಮನೆಯಲ್ಲಿ ದೊಡ್ಡ ಪಂಚಾಯಿತಿ. ನಾಳೆ ಹೆಣ್ಣು ನೋಡಲು ಬರುವವರಿಗೆ ಏನು ಹೇಳುವುದು ಎಂಬ ಪ್ರಶ್ನೆ. ಕಾಲೇಜಿಗೆ ಹೋಗುವುದು ನಿಲ್ಲಲಿಲ್ಲ, ಅಷ್ಟೇ ಪುಣ್ಯ. ಬೆಂಗಳೂರಿನ ದಾರಿ ಮುಚ್ಚಿತು, ನಿಲುವಂಗಿ ಟ್ರಂಕಿಗೆ ಹೋಯಿತು. ನಾವು ಫೋನು ಮಾಡಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ. "ಫೋಟೋ ಚೆನ್ನಾಗಿದೆ ಸಾರ್. ಕೇಳಿದ್ದರೆ ಬೇಡ ಎನ್ನುತ್ತಿದ್ದೆ" ಎಂದಳು. ಆಮೇಲೆ ನಾಲ್ಕೈದು ತಿಂಗಳು ಮಾತಿಲ್ಲ.

ದೊಡ್ಡಪ್ಪನವರ ಕೋಪದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ತೆರುಕ್ಕೂತ್ತಿನಲ್ಲಿ ದ್ರೌಪದಿಯ ವೇಷವನ್ನು ಗಂಡಸು ತೊಟ್ಟು ಬಂದರೆ ನಾವೆಲ್ಲ ಕಣ್ಣೀರು ಹಾಕುತ್ತೇವೆ. ಕರಾವಳಿಯ ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ಕನ್ನಡ ನಾಡು ಗೌರವಿಸಿದೆ. ಗಂಡು ಹೆಣ್ಣಿನ ವೇಷ ತೊಟ್ಟರೆ ಕಲೆ, ಹೆಣ್ಣು ಗಂಡಿನ ವೇಷ ತೊಟ್ಟರೆ ಕುಲಕ್ಕೆ ಕುಂದು. ಈ ಲೆಕ್ಕ ನಮಗೆ ತಿಳಿಯದು. ದೇವರ ವೇಷಕ್ಕೂ ಚಿತ್ರಕಥೆಯ ವೇಷಕ್ಕೂ ಹೋಲಿಕೆಯೆ ಎಂದು ಕೇಳುವವರಿದ್ದಾರೆ. ಒಂದು ಹರಕೆ, ಇನ್ನೊಂದು ಅಕ್ಕರೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಎರಡಕ್ಕೂ ರಾತ್ರಿ ನಿದ್ದೆಗೆಟ್ಟು ಹೊಲಿಯಬೇಕು. ಇಷ್ಟು ಹೇಳಿಯೂ ನಮ್ಮ ತಪ್ಪನ್ನು ದೊಡ್ಡಪ್ಪನವರ ತಲೆಗೆ ಕಟ್ಟಲಾಗದು. ಮನೆಯವರಿಗೆ ಯಾವಾಗ, ಎಷ್ಟು, ಹೇಗೆ ಹೇಳಬೇಕೆಂಬುದನ್ನು ಅವಳು ತಾನೇ ನಿಶ್ಚಯಿಸಬೇಕಾಗಿತ್ತು. ಆ ಅಧಿಕಾರವನ್ನು ನಾವು ಬಸ್ಸಿನಲ್ಲಿ ಕುಳಿತು ಕಸಿದುಕೊಂಡೆವು.

ಕಾನೂನು ನಮ್ಮ ಪರವಾಗಿದೆ ಎಂಬುದೇ ಇಲ್ಲಿಯ ತೊಡಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. 2012ರ ತಿದ್ದುಪಡಿಯಾದ ಮೇಲೆ ಅವನ ಜೀವಿತಕಾಲಕ್ಕೂ ಆಮೇಲಿನ 60 ವರ್ಷಕ್ಕೂ ಹಕ್ಕು ಉಂಟು. ಗುಂಡಿ ಒತ್ತಲು ನಮಗೆ ಹಿಡಿದದ್ದು ಒಂದು ಕ್ಷಣದ ಇನ್ನೂರರಲ್ಲೊಂದು ಭಾಗ. ಹೊಲಿಯಲು ಅವಳಿಗೆ ಹಿಡಿದದ್ದು ಎರಡು ತಿಂಗಳು. ಆದರೂ ಕರ್ತೃಗಳು ನಾವು! ಈ ಹವ್ಯಾಸದಲ್ಲಿ ಮುಂದೆ ಹೋದವರು ಕಾನೂನನ್ನು ನೆಚ್ಚದೆ ತಮ್ಮ ತಮ್ಮಲ್ಲಿಯೇ ಕಟ್ಟುಪಾಡು ಮಾಡಿಕೊಂಡಿದ್ದಾರೆ. 1975ರಿಂದ ತೋಕಿಯೋದಲ್ಲಿ ನಡೆದುಬಂದಿರುವ ಕಾಮಿಕ್ ಮಾರ್ಕೆಟ್ ಎಂಬ ಮೇಳದಲ್ಲಿ ಮನೆಯಿಂದ ವೇಷ ತೊಟ್ಟು ಬರುವಂತಿಲ್ಲ. ಅಲ್ಲಿಯೇ ತೊಟ್ಟು, ಅಲ್ಲಿಯೇ ಕಳಚಬೇಕು. ಚಿತ್ರ ತೆಗೆಯಲು ಬೇರೆಯೇ ಜಾಗವಿದೆ, ಕೇಳಿಯೇ ತೆಗೆಯಬೇಕು. 2014ರಲ್ಲಿ ನ್ಯೂಯಾರ್ಕಿನ ಮೇಳದಲ್ಲಿ, ವೇಷ ತೊಟ್ಟ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ ಎಂಬ ಅರ್ಥದ ದೊಡ್ಡ ಫಲಕಗಳನ್ನೇ ನಿಲ್ಲಿಸಿದರು. ಅಷ್ಟು ದೊಡ್ಡ ಫಲಕ ಬೇಕಾಯಿತೆಂದರೆ ಕ್ಯಾಮೆರಾ ಹಿಡಿದವರ ನಡತೆ ಹೇಗಿತ್ತೆಂದು ಊಹಿಸಬಹುದು. ಬೆಂಗಳೂರಿನಲ್ಲಿಯೂ ನಾವು ಕಣ್ಣಾರೆ ಕಂಡಿದ್ದೇವೆ: ಹುಡುಗಿ ಬಗ್ಗಿ ಬೂಟಿನ ದಾರ ಕಟ್ಟುವಾಗ ಹಿಂದಿನಿಂದ ಕ್ಯಾಮೆರಾ ಎತ್ತುವ ಮಹನೀಯರನ್ನು. ಅವರ ಕೈಯಲ್ಲಿದ್ದ ಮಸೂರಕ್ಕೆ ನಮ್ಮ ಎರಡು ತಿಂಗಳ ಸಂಬಳವಾದರೂ ಬೇಕು.

ನಾವೀಗ ಎರಡು ಸಲ ಕೇಳುತ್ತೇವೆ. ತೆಗೆಯಲೆ ಎಂದು ಒಮ್ಮೆ. ಇದನ್ನು ಇತರರಿಗೆ ತೋರಿಸಲೆ ಎಂದು, ಚಿತ್ರವನ್ನು ಅವರಿಗೆ ತೋರಿಸಿದ ಮೇಲೆ, ಇನ್ನೊಮ್ಮೆ. ಮೊದಲನೆಯದಕ್ಕೆ ಹೂಂ ಎಂದವರಲ್ಲಿ ಎಷ್ಟೋ ಜನ ಎರಡನೆಯದಕ್ಕೆ ಉಹೂಂ ಎನ್ನುತ್ತಾರೆ. ಹಾಗೆ ಪೆಟ್ಟಿಗೆಯಲ್ಲಿಯೇ ಉಳಿದ ಒಳ್ಳೆಯ ಚಿತ್ರಗಳು ನಮ್ಮಲ್ಲಿ ಬಹಳ. ಇದರಿಂದ ಕಲೆಗೆ ನಷ್ಟ ಎನ್ನುವ ಗೆಳೆಯರೊಡನೆ ನಾವು ವಾದಿಸುವುದನ್ನು ಬಿಟ್ಟಿದ್ದೇವೆ. ಗುಗೈಯಲ್ಲಿ ತೆಗೆದ ಚಿತ್ರಗಳನ್ನು ಮುದ್ರಿಸಿ, ಮರುವಾರ ಹೋಗಿ, ಬಂಡಿಯ ಮೇಲೆ ಕುಳಿತಿದ್ದವರ ಮನೆ ಹುಡುಕಿ ಕೊಟ್ಟುಬರುತ್ತೇವೆ. ಕಳೆದ ಸಲ ಕಾಳಿಯಾಗಿದ್ದವರು ಚಿತ್ರ ನೋಡಿ, "ನಾಲಿಗೆ ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು" ಎಂದು ತಮ್ಮ ಮೇಲೆಯೇ ಬೇಸರಪಟ್ಟುಕೊಂಡರು.

ಆ ಹುಡುಗಿಯ ಮನೆಗೂ ಒಂದು ಪ್ರತಿ ಮುದ್ರಿಸಿಕೊಂಡು ಹೋದೆವು. ಅವಳ ತಂದೆ ಯಂತ್ರ ನಿಲ್ಲಿಸಿ, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಗಳ ಮುಖವನ್ನಲ್ಲ, ನಿಲುವಂಗಿಯ ಚೌಕಗಳು ಕೂಡುವ ಮೂಲೆಗಳನ್ನು. "ತೋಳಿನ ಹತ್ತಿರ ಎರಡು ಚೌಕ ಜರುಗಿದೆ. ನನ್ನನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದೆ" ಎಂದರು. ಆ ವರ್ಷ ಅವಳು ಮೇಳಕ್ಕೆ ಹೋಗಲಿಲ್ಲ. ಮರುವರ್ಷ ಹೋದಳಂತೆ. ನಮ್ಮನ್ನು ಕರೆಯಲಿಲ್ಲ, ನಾವು ಕೇಳಲೂ ಇಲ್ಲ.

ಈ ಸಂಚಿಕೆಯ ಚಿತ್ರಪುಟಗಳಲ್ಲಿ ಛದ್ಮವೇಷದ ಚಿತ್ರಗಳು ಕಳೆದ ವರ್ಷಕ್ಕಿಂತ ಕಡಿಮೆ ಇರುವುದನ್ನು ಓದುಗರು ಗಮನಿಸಿರಬಹುದು. ಸಂಪಾದಕ ಮಂಡಳಿಯ ಒಪ್ಪಿಗೆ ಪಡೆದು ಈ ಸಲ ಪ್ರತಿಯೊಂದು ಮಗುವನ್ನೂ ಅದರ ಮನೆಯವರನ್ನೂ ಚಿತ್ರ ತೋರಿಸಿ ಕೇಳಿದೆವು. ಮೂವರು ಬೇಡವೆಂದರು. ಅವರಲ್ಲಿ ಪ್ರಥಮ ಬಹುಮಾನ ಪಡೆದ ಏಳನೆಯ ತರಗತಿಯ ಹುಡುಗಿಯೂ ಒಬ್ಬಳು. ಅವಳ ತಂದೆತಾಯಿ ಒಪ್ಪಿದ್ದರು, ಬೇಡವೆಂದವಳು ಅವಳೇ. ಏಕೆಂದು ನಾವು ಕೇಳಲಿಲ್ಲ. ಆ ಪುಟದಲ್ಲಿ ಅವಳ ಹೆಸರು, ತರಗತಿ, ಪಡೆದ ಬಹುಮಾನ ಇಷ್ಟನ್ನು ಮಾತ್ರ ಅಚ್ಚು ಹಾಕಿಸಿದ್ದೇವೆ.