ಧೂಳು ಹೀರುವ ಯಂತ್ರದ ಧೂಳು

ಪೊರಕೆಯಂಥ ಸಾಧು ವಸ್ತು ಮನೆಯಲ್ಲಿ ಮತ್ತೊಂದಿಲ್ಲ. ಕೆಲಸ ಮುಗಿದ ಮೇಲೆ ನೆಲಕ್ಕೆ ನಾಲ್ಕು ಸಲ ಕುಟ್ಟಿ ಮೂಲೆಯಲ್ಲಿ ನಿಲ್ಲಿಸಿದರೆ ಅದು ಬೇರೇನನ್ನೂ ಬೇಡುವುದಿಲ್ಲ. ಈಗ ನಗರದ ಅನೇಕ ಮನೆಗಳಲ್ಲಿ ಅದರ ಜೊತೆಗೆ ಬಂದು ನೆಲಸಿರುವ ವ್ಯಾಕ್ಯೂಮ್ ಕ್ಲೀನರ್ ಅಷ್ಟು ನಿರಪೇಕ್ಷಿಯಲ್ಲ. ಅದರಲ್ಲಿಯೂ ಚೀಲವಿಲ್ಲದ ಯಂತ್ರವನ್ನು ಕೊಂಡವರು, ಮೇಲಿಂದ ಮೇಲೆ ಚೀಲ ಕೊಳ್ಳುವ ಖರ್ಚು ತಪ್ಪಿತೆಂದು ಸಂತೋಷಪಡುವುದು ಸಹಜ. ಆದರೆ ಆ ಚೀಲ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕೆಂದು ಯೋಚಿಸುವವರು ವಿರಳ.

ಧೂಳನ್ನು ಹೀರುವುದು ಸುಲಭ. ಹೀರಿದ್ದನ್ನು ಹಿಡಿದಿಡುವುದು ಕಷ್ಟ. ಅಮೆರಿಕದ ಒಹಾಯೋ ಸಂಸ್ಥಾನದ ಕ್ಯಾಂಟನ್ ನಗರದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಎಂಬಾತನಿಗೆ ಉಬ್ಬಸದ ಬೇನೆಯಿತ್ತು. ಗುಡಿಸಿದಾಗ ಏಳುವ ಧೂಳಿನಿಂದ ಪಾರಾಗಲು ಆತ ಒಂದು ಹೀರುಯಂತ್ರವನ್ನು ರಚಿಸಿ, ಧೂಳನ್ನು ಹಿಡಿಯಲು ಅದಕ್ಕೆ ದಿಂಬಿನ ಗವಸನ್ನು ಕಟ್ಟಿದ. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಬಹುಕಾಲ ಚೀಲವೇ ಈ ಯಂತ್ರದ ಹೊಟ್ಟೆಯಾಗಿತ್ತು. ಆದರೆ ಚೀಲದ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡಂತೆಲ್ಲ ಹೀರುವ ಶಕ್ತಿ ಕುಂದುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ಜೇಮ್ಸ್ ಡೈಸನ್ ಅವರು ಈ ಕೊರತೆಗೆ ಪರಿಹಾರ ಹುಡುಕಹೊರಟರು. ಮರ ಕೊಯ್ಯುವ ಕಾರ್ಖಾನೆಯಲ್ಲಿ ಗಾಳಿಯಿಂದ ಹೊಟ್ಟನ್ನು ಬೇರ್ಪಡಿಸುತ್ತಿದ್ದ ಶಂಕುವಿನಾಕಾರದ ಸಾಧನವೇ ಅವರಿಗೆ ದಾರಿ ತೋರಿತು. 5,127 ಮಾದರಿಗಳನ್ನು ಮಾಡಿ ನೋಡಿದ ಮೇಲೆ ಅವರ ಪ್ರಯತ್ನ ಫಲಿಸಿತು.

ಒದ್ದೆಯಾದ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಹೊರಕ್ಕೆ ಸಿಡಿಯುವುದನ್ನು ಎಲ್ಲರೂ ಕಂಡಿದ್ದಾರೆ. ಚೀಲವಿಲ್ಲದ ಯಂತ್ರದ ಒಳಗುಟ್ಟೂ ಅದೇ. ಸುಳಿಗಾಳಿಯಲ್ಲಿ ಸಿಕ್ಕ ಧೂಳು ಡಬ್ಬಿಯ ಗೋಡೆಗೆ ಬಡಿದು ತಳಕ್ಕೆ ಬೀಳುತ್ತದೆ. ಅತಿಸೂಕ್ಷ್ಮವಾದ ಧೂಳು ಮಾತ್ರ ಇದಕ್ಕೆ ಮಣಿಯದೆ ಗಾಳಿಯೊಡನೆ ಮುಂದೆ ಸಾಗುತ್ತದೆ. ಅದನ್ನು ತಡೆಯಲು ಫಿಲ್ಟರ್ ಇದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿಯ ಓಟ ತಗ್ಗುತ್ತದೆ, ಮೋಟಾರು ಕಾಯುತ್ತದೆ; ಅನೇಕ ಯಂತ್ರಗಳು ಆಗ ತಾವಾಗಿಯೇ ನಿಂತುಬಿಡುತ್ತವೆ. ಯಂತ್ರ ಕೆಟ್ಟಿತೆಂದು ರಿಪೇರಿಯವನಲ್ಲಿಗೆ ಹೊತ್ತೊಯ್ಯುವ ಮುನ್ನ ಫಿಲ್ಟರನ್ನೊಮ್ಮೆ ತೆಗೆದು ನೋಡುವುದು ಜಾಣತನ.

ಯಂತ್ರವನ್ನು ಬಿಚ್ಚುವ ಮೊದಲು ಪ್ಲಗ್ಗನ್ನು ಕೀಳತಕ್ಕದ್ದು. ಡಬ್ಬಿಯ ಮೇಲಿರುವ ಗೆರೆಯನ್ನು ಧೂಳು ಮುಟ್ಟುವ ಮೊದಲೇ ಅದನ್ನು ಬರಿದು ಮಾಡಬೇಕು. ತೊಳೆಯಬಹುದಾದ ಫಿಲ್ಟರನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸಾಬೂನಿಲ್ಲದೆ, ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮಡಿಕೆಯ ಕಾಗದದ ಫಿಲ್ಟರುಗಳಿಗೆ ನೀರು ಸೋಕಬಾರದು. ಕೈಪಿಡಿಯನ್ನು ನೋಡಿಯೇ ಮುಂದುವರಿಯುವುದು ಕ್ಷೇಮ. ತೊಳೆದದ್ದು ಕನಿಷ್ಠ 24 ಗಂಟೆ ಆರಬೇಕು. ಮಳೆಗಾಲದಲ್ಲಿ ಇನ್ನೂ ಒಂದು ದಿನ ಹೆಚ್ಚೇ ಹಿಡಿದೀತು. ಅವಸರದಿಂದ ಹಸಿ ಫಿಲ್ಟರನ್ನೇ ಜೋಡಿಸಿದರೆ ಬೂಷ್ಟಿನ ವಾಸನೆ ಮನೆಯೆಲ್ಲ ಹರಡುತ್ತದೆ, ಮೋಟಾರಿಗೂ ಕೇಡು. ಇನ್ನೊಂದು ಫಿಲ್ಟರನ್ನು ಕೊಂಡಿಟ್ಟುಕೊಂಡರೆ ಈ ಅವಸರವೇ ಇರದು. ಕುಂಚದ ಉರುಳೆಗೆ ಸುತ್ತಿಕೊಂಡ ಕೂದಲು, ನೂಲುಗಳನ್ನು ಕತ್ತರಿಯಿಂದ ಬಿಡಿಸಬೇಕು. ಕೊಳವೆಯನ್ನು ಕಳಚಿ ಬೆಳಕಿಗೆ ಹಿಡಿದರೆ ಒಳಗೇನಾದರೂ ಸಿಕ್ಕಿಕೊಂಡಿದ್ದರೆ ತಿಳಿಯುತ್ತದೆ.

ಕೆಲವನ್ನು ಈ ಯಂತ್ರಕ್ಕೆ ಉಣಿಸಲೇಬಾರದು. ಹಬ್ಬದ ಮರುದಿನದ ರಂಗೋಲಿ ಪುಡಿ, ಗೋಡೆ ಕೊರೆದಾಗ ಉದುರುವ ಸಿಮೆಂಟಿನ ಹುಡಿ ಫಿಲ್ಟರನ್ನು ಬಹುಬೇಗ ಮುಚ್ಚಿಬಿಡುತ್ತವೆ. ಧೂಪದ ಬೂದಿಯಲ್ಲಿ ಕೆಂಡ ಅಡಗಿರಬಹುದು. ನೀರಂತೂ ಸಲ್ಲದು. ಇವುಗಳಿಗೆಲ್ಲ ಒದ್ದೆ ಬಟ್ಟೆಯೇ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಡಬ್ಬಿ ಬರಿದು ಮಾಡುವವರ ಉಸಿರಿನದು. ಚೀಲವಿದ್ದಾಗ ಧೂಳು ಅದರೊಳಗೇ ಉಳಿದು ಹೊರಗೆ ಹೋಗುತ್ತಿತ್ತು. ಈಗ ಅದು ಡಬ್ಬಿಯ ಬಾಯಿ ತೆರೆದೊಡನೆ ಮುಖಕ್ಕೇ ಎರಗುತ್ತದೆ. ಕಣ್ಣಿಗೆ ಕಾಣದ ಧೂಳುನುಸಿಗಳ ಅವಶೇಷ ಉಬ್ಬಸವನ್ನು ಕೆರಳಿಸಬಲ್ಲದು. ಅನೇಕ ಮನೆಗಳಲ್ಲಿ ಈ ಕೆಲಸ ಕೆಲಸದವಳ ಪಾಲಿಗೆ ಬರುತ್ತದೆ. ಅವಳ ಪುಪ್ಪುಸವೂ ಮನೆಯೊಡತಿಯ ಪುಪ್ಪುಸದಷ್ಟೇ ಕೋಮಲ. ಆದ್ದರಿಂದ ಡಬ್ಬಿಯನ್ನು ಹೊರಗೆ ಒಯ್ದು, ಅದರ ಬಾಯಿಯನ್ನು ಒಂದು ಚೀಲದೊಳಗಿಟ್ಟು ಮೆಲ್ಲನೆ ತೆರೆದು, ಧೂಳು ತಣ್ಣಗಾಗುವವರೆಗೆ ತಾಳಿ, ಬಳಿಕ ಚೀಲವನ್ನು ಬಿಗಿಯಾಗಿ ಕಟ್ಟಬೇಕು. ಯಾರೇ ಮಾಡಲಿ, ಮೂಗು ಬಾಯಿಗಳಿಗೆ ಮಾಸ್ಕ್ ಇರಲಿ. ಉಬ್ಬಸವುಳ್ಳವರು ಆ ಹೊತ್ತಿನಲ್ಲಿ ದೂರವಿರುವುದು ಲೇಸು. ಅಂಥವರೇ ಈ ಕೆಲಸ ಮಾಡಬೇಕಾದ ಮನೆಗಳಿಗೆ, ಖರ್ಚು ಹೆಚ್ಚಾದರೂ, ಚೀಲವುಳ್ಳ ಯಂತ್ರವೇ ಮೇಲು.

ಉಬ್ಬಸದವನೊಬ್ಬ ತನ್ನ ಉಸಿರಿಗಾಗಿ ಕಟ್ಟಿದ ಯಂತ್ರವಿದು. ತಿಂಗಳಿಗೊಮ್ಮೆ ಅರ್ಧ ಗಂಟೆಯ ಆರೈಕೆ ದೊರೆತರೆ ಅದು ಆ ಉದ್ದೇಶವನ್ನು ನಡೆಸಿಕೊಡುತ್ತದೆ. ಅಷ್ಟೂ ದೊರೆಯದಿದ್ದರೆ, ನೆಲದ ಧೂಳನ್ನು ಎತ್ತಿ ಗಾಳಿಗೆ ಬೆರೆಸುವ ಕೆಲಸವನ್ನೇ ಬಹಳ ಸದ್ದು ಮಾಡಿ ಮಾಡುತ್ತದೆ.