ಓರೆಯಾಗಿ ಕೂತ ತೊಲೆ

ಮಕ್ಕಳ ಅಡಿಕೋಲನ್ನು ಎರಡು ಪುಸ್ತಕಗಳ ನಡುವೆ ಮಲಗಿಸಿ ಬೆರಳಿನಿಂದ ಒತ್ತಿದರೆ ಸುಲಭವಾಗಿ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ ನೋಡಿ, ಜಗ್ಗುವುದಿಲ್ಲ. ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದಕ್ಕೆ ಕಾರಣ ಹುಡುಕಿದ್ದ. ಬಡಗಿಗಳಿಗೆ ಅದು ಅವನಿಗಿಂತ ಮೊದಲೇ ಗೊತ್ತಿತ್ತು, ಆ ಮಾತು ಬೇರೆ.

ಹೀಗೆ ನೆಟ್ಟಗೆ ನಿಲ್ಲಿಸಿದ ತೊಲೆಯ ಮೇಲೆ ಭಾರ ಬಿದ್ದರೆ ಅದು ನೇರವಾಗಿ ಕೆಳಕ್ಕೇ ಬಾಗುತ್ತದೆ. ಇದು ಸಮಮಿತ ಬಾಗುವಿಕೆ. ತೊಡಕು ಶುರುವಾಗುವುದು ಇಳಿಜಾರಿನ ಮಾಡಿನಲ್ಲಿ. ಗಿರಣಿ, ಗೋದಾಮುಗಳ ಷೆಡ್ಡಿನಲ್ಲಿ ತಗಡಿನ ಅಡಿಗೆ ಒಂದು ಟ್ರಸ್ಸಿನಿಂದ ಇನ್ನೊಂದಕ್ಕೆ ಅಡ್ಡತೊಲೆಗಳು ಹಾಯ್ದಿರುತ್ತವೆ. ಅವಕ್ಕೆ ಪರ್ಲಿನ್ ಎಂದು ಹೆಸರು. ಟ್ರಸ್ಸಿನ ಇಳಿಜಾರಿಗೆ ಹೊಂದಿಕೊಂಡು ಕೂರುವ ಪರ್ಲಿನ್ ತಾನೂ ಓರೆಯಾಗುತ್ತದೆ. ಭಾರ ಮಾತ್ರ ಓರೆಯಾಗುವುದಿಲ್ಲ, ಅದು ಭೂಮಿಯ ಕಡೆಗೇ ಎಳೆಯುತ್ತದೆ. ಹಾಗಾಗಿ ಭಾರದ ಒಂದು ಪಾಲು ತೊಲೆಯ ಗಟ್ಟಿ ದಿಕ್ಕಿಗೂ ಇನ್ನೊಂದು ಪಾಲು ಸೂರಿನತ್ತ, ಅಂದರೆ ತೊಲೆ ಬಡವಾಗಿರುವ ದಿಕ್ಕಿಗೂ ಹಂಚಿಹೋಗುತ್ತದೆ. ಇದೇ ಅಸಮಮಿತ ಬಾಗುವಿಕೆ.

ಲೆಕ್ಕವನ್ನೇ ನೋಡಿ. ಪರ್ಲಿನ್ 50 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಮರದ್ದು, ಮಾಡಿನ ಇಳಿಜಾರು 30 ಡಿಗ್ರಿ. 100 ಕಿಲೋ ಭಾರದಲ್ಲಿ ಸುಮಾರು 87 ಕಿಲೋ ಗಟ್ಟಿ ದಿಕ್ಕಿಗೆ, 50 ಕಿಲೋ ಸೂರಿನ ದಿಕ್ಕಿಗೆ. (ಎರಡೂ ಸೇರಿ ನೂರು ದಾಟಿತಲ್ಲ ಎನ್ನಬೇಡಿ, ಇಲ್ಲಿ ಕೂಡುವ ವಿಧಾನ ಪೈಥಾಗೊರಸನದು.) ಆದರೆ ಹೆಚ್ಚು ಹಾನಿ ಮಾಡುವುದು ಚಿಕ್ಕ ಪಾಲೇ! ಸೂರಿನತ್ತ ಆಗುವ ಬಾಗು ಇನ್ನೊಂದರ ಎರಡು ಪಟ್ಟಿಗಿಂತಲೂ ಹೆಚ್ಚು. ಸೂರಿನ ಕಡೆಯ ಕೆಳಮೂಲೆಯಲ್ಲಿ ಎರಡೂ ಎಳೆತಗಳು ಒಂದಾಗಿ, ತೊಲೆ ನೆಟ್ಟಗಿದ್ದರೆ ಆಗುತ್ತಿದ್ದುದರ ಸುಮಾರು 1.87 ಪಟ್ಟು ಆಗುತ್ತದೆ. ಪರ್ಲಿನ್ನನ್ನು ನೆಟ್ಟಗಿನ ತೊಲೆಯೆಂದೇ ಎಣಿಸಿ ಮರ ತರಿಸಿದವರ ಸುರಕ್ಷತೆಯ ಲೆಕ್ಕ ಬಹುಪಾಲು ಅಲ್ಲೇ ಕರಗಿಹೋಯಿತು.

ಉಕ್ಕಿನ ತೊಲೆಗಳಲ್ಲಿ ಇನ್ನೂ ಒಂದು ವಿಚಿತ್ರವಿದೆ. ಝಡ್ ಆಕಾರದ ತೊಲೆಯನ್ನು ಸಮತಟ್ಟಾಗಿ ಕೂರಿಸಿ ನೇರ ಭಾರ ಹೇರಿದರೂ ಅದು ಪಕ್ಕಕ್ಕೆ ಸರಿಯುತ್ತದೆ. ಅದರ ಗಟ್ಟಿ ದಿಕ್ಕೇ ಓರೆ. ಸಿ ಆಕಾರದ ಚಾನೆಲ್ ಆದರೋ ಬಾಗುವುದರ ಜತೆಗೆ ತಿರುಚಿಕೊಳ್ಳುತ್ತದೆ.

ಪರಿಹಾರ ಅಗ್ಗದ್ದು. ಪರ್ಲಿನ್‌ನ ನಡುಮಧ್ಯಕ್ಕೆ ತೆಳು ಕಬ್ಬಿಣದ ಸರಳು ಹಾಕಿ, ಒಂದರಿಂದ ಒಂದಕ್ಕೆ ಬಿಗಿಯುತ್ತ ಮಾಡಿನ ನೆತ್ತಿಗೆ ಕಟ್ಟುತ್ತಾರೆ. ಬಡ ದಿಕ್ಕಿನಲ್ಲಿ ತೊಲೆಯ ಉದ್ದ ಅರ್ಧವಾಗುತ್ತದೆ, ಬಾಗಿಸುವ ಪ್ರಭಾವ ಕಾಲು ಭಾಗಕ್ಕೆ ಇಳಿಯುತ್ತದೆ. ತಗಡು ಬದಲಿಸುವಾಗ ಈ ಸರಳುಗಳನ್ನು ಬೇಡದ ಕಬ್ಬಿಣವೆಂದು ಕಿತ್ತು ಗುಜರಿಗೆ ಹಾಕಿದರೆ, ಪರ್ಲಿನ್ ಸೂರಿನತ್ತ ಜಾರದಂತೆ ತಡೆಯಲು ಉಳಿಯುವುದು ತಗಡಿನ ಸ್ಕ್ರೂಗಳು ಮಾತ್ರ.