ಊರಿನ ಹೆಸರು, ಊರಿಲ್ಲದ ಆಟ



ದಾವಣಗೆರೆಯ ಹೆಸರಿನಲ್ಲಿ ಒಂದು ಕ್ರಿಕೆಟ್ ತಂಡವಿತ್ತೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. 2009ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿಯನ್ನು ಆರಂಭಿಸಿದಾಗ ಇದ್ದ ಎಂಟು ತಂಡಗಳಲ್ಲಿ ‘ದಾವಣಗೆರೆ ಡೈಮಂಡ್ಸ್’ ಕೂಡ ಒಂದಾಗಿತ್ತು. 2010ರ ಎರಡನೆಯ ಆವೃತ್ತಿಯ ನಂತರ ಪಂದ್ಯಾವಳಿ ನಿಂತುಹೋಯಿತು. 2014ರಲ್ಲಿ ಅದು ಮರಳಿ ಬಂದಾಗ ನಮ್ಮ ಊರಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಬಳ್ಳಾರಿ, ಹುಬ್ಬಳ್ಳಿ, ಶಿವಮೊಗ್ಗಗಳ ಹೆಸರಿನ ತಂಡಗಳು ಒಂದೊಂದಾಗಿ ಬಂದವು; ದಾವಣಗೆರೆ ಬರಲಿಲ್ಲ. 2019ರಲ್ಲಿ ಮೋಸದಾಟದ ಆರೋಪ ಕೇಳಿಬಂದು, ಬೆಂಗಳೂರಿನ ಪೊಲೀಸರು ಕೆಲವರನ್ನು ಬಂಧಿಸಿದ ಮೇಲೆ ಆ ಲೀಗೇ ಮುಗಿದುಹೋಯಿತು. 2022ರಲ್ಲಿ ‘ಮಹಾರಾಜ ಟ್ರೋಫಿ’ ಎಂಬ ಹೊಸ ಹೆಸರಿನಲ್ಲಿ ಆರು ತಂಡಗಳ ಪಂದ್ಯಾವಳಿ ಹುಟ್ಟಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ. ಅಲ್ಲಿಯೂ ನಮಗೆ ಜಾಗವಾಗಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಕರ್ನಾಟಕ ತಂಡವು 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಬಾರಿ ರಣಜಿ ಟ್ರೋಫಿಯನ್ನು ಗೆದ್ದಾಗ ಅದರ ನಾಯಕರಾಗಿದ್ದವರು ಆರ್. ವಿನಯ್ ಕುಮಾರ್. ಪತ್ರಿಕೆಗಳು ಅವರನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಕರೆದವು. ಅಂದರೆ, ರಾಜ್ಯಕ್ಕೆ ನಾಯಕನನ್ನು ಕೊಟ್ಟ ಕಾಲದಲ್ಲಿಯೇ ನಮ್ಮ ಊರು ಆ ರಾಜ್ಯದ ಲೀಗಿನಲ್ಲಿ ಹೆಸರಿಗೂ ಇಲ್ಲದಂತಾಗಿತ್ತು.

ನಮ್ಮೂರಿಗೆ ಒಂದು ತಂಡ ಬೇಕು ಎಂದು ಹಕ್ಕೊತ್ತಾಯ ಮಾಡುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಹೆಸರು ಸಿಕ್ಕ ಊರುಗಳಿಗಾದರೂ ಸಿಕ್ಕಿದ್ದೇನು ಎಂಬುದನ್ನು ವಿಚಾರಿಸಿ ನೋಡಿ. 2023 ಮತ್ತು 2024ರಲ್ಲಿ ಮಹಾರಾಜ ಟ್ರೋಫಿಯ ಪಂದ್ಯಗಳೆಲ್ಲ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2025ರಲ್ಲಿ ಮೈಸೂರಿನಲ್ಲಿ. ಶಿವಮೊಗ್ಗದ ಹೆಸರಿನ ತಂಡ ಆಡುವುದನ್ನು ಶಿವಮೊಗ್ಗದ ಹುಡುಗ ತನ್ನ ಊರಿನಲ್ಲಿ ಕುಳಿತು ನೋಡಬೇಕಾದರೆ ಟಿ.ವಿ. ಅಥವಾ ಮೊಬೈಲಿನ ಪರದೆಯೊಂದೇ ಗತಿ. ಕಬಡ್ಡಿಯಲ್ಲಿಯೂ ಇದೇ ಕಥೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ನಮ್ಮ ‘ಬೆಂಗಳೂರು ಬುಲ್ಸ್’ ತಂಡವು 2017ರಲ್ಲಿ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ! ಬೆಂಗಳೂರಿನ ಕ್ರೀಡಾಂಗಣ ದೊರೆಯಲಿಲ್ಲ, ಆದರೆ ಪ್ರಸಾರದ ವೇಳಾಪಟ್ಟಿ ಕಾಯುವುದಿಲ್ಲವಲ್ಲ. ತವರುಮನೆ ಎಂದರೆ ಹೋಗಿ ಬರುವಂತಿರಬೇಕು ಎಂದು ನಮ್ಮ ಹೆಣ್ಣುಮಕ್ಕಳು ಹೇಳುತ್ತಾರೆ. ದೂರದರ್ಶನದ ಲೆಕ್ಕದಲ್ಲಿ ತವರು ಎಂಬುದು ಜೆರ್ಸಿಯ ಮೇಲೆ ಅಚ್ಚು ಹಾಕುವ ಒಂದು ಪದ ಮಾತ್ರ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಐಪಿಎಲ್‌ನ 2018ರಿಂದ 2022ರವರೆಗಿನ ಪ್ರಸಾರ ಹಕ್ಕುಗಳು 16,347.50 ಕೋಟಿ ರೂಪಾಯಿಗೆ ಮಾರಾಟವಾದವು. ಅದರ ಮುಂದಿನ ಐದು ವರ್ಷಗಳಿಗೆ, ಅಂದರೆ 2023ರಿಂದ 2027ರವರೆಗೆ, ಆ ಮೊತ್ತ 48,390 ಕೋಟಿಗೆ ಏರಿತು. ಇಷ್ಟು ಹಣ ಕೊಡುವವನಿಗೆ ಪ್ರೇಕ್ಷಕ ಎಲ್ಲಿ ಕುಳಿತಿದ್ದಾನೆ ಎಂಬುದು ಮುಖ್ಯವಲ್ಲ, ಎಷ್ಟು ಮಂದಿ ಕುಳಿತಿದ್ದಾರೆ ಎಂಬುದಷ್ಟೇ ಮುಖ್ಯ. ಒಂದೇ ಕ್ರೀಡಾಂಗಣದಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿ ಎಲ್ಲ ಪಂದ್ಯಗಳನ್ನೂ ಮುಗಿಸಿದರೆ ಖರ್ಚು ಕಡಿಮೆ. ಟಿ.ವಿ.ಗೆ ದೂರವೆಂಬುದಿಲ್ಲ, ಆಡುವವರಿಗೆ ಇದೆ. ನಾನು ಹೇಳಬೇಕೆಂದಿರುವುದು ಈ ಒಂದು ಮಾತನ್ನೇ.

ಆಟದ ಗಡಿಗಳನ್ನು ಆಟದವರಲ್ಲದವರು ಬರೆಯುವುದು ಟಿ.ವಿ. ಬಂದ ಮೇಲೆ ಶುರುವಾದದ್ದೇನೂ ಅಲ್ಲ. ನಾನು ದಾವಣಗೆರೆಯಲ್ಲಿ ಪದವಿ ಓದುತ್ತಿದ್ದ ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿನ ಕಾಲೇಜುಗಳೆಲ್ಲವೂ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಡಿ.ಆರ್.ಎಂ. ವಿಜ್ಞಾನ ಕಾಲೇಜು, ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಎಲ್ಲವೂ ಒಂದೇ ಕೊಡೆಯ ಕೆಳಗಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನಾವು ಶಂಕರಘಟ್ಟದ ಕಡೆಗೆ ಮುಖ ಮಾಡಿದೆವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಗಳು ಬಂದ ಮೇಲೆ ವೈದ್ಯರಾಗುವವರು ಒಂದು ಕಡೆ, ಇಂಜಿನಿಯರಾಗುವವರು ಇನ್ನೊಂದು ಕಡೆ ಹಂಚಿಹೋದರು. 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದಿತು. ಅದು ನಮ್ಮ ಬಹುಕಾಲದ ಬೇಡಿಕೆ. ಅದರಿಂದ ಆದ ಉಪಕಾರ ದೊಡ್ಡದು. ಆದರೆ ಪ್ರತಿ ವಿಶ್ವವಿದ್ಯಾಲಯವೂ ತನ್ನ ಕಾಲೇಜುಗಳಿಗೇ ಪ್ರತ್ಯೇಕವಾಗಿ ಪಂದ್ಯಾವಳಿ ನಡೆಸುವುದರಿಂದ, ಒಂದೇ ಊರಿನ ವಿಜ್ಞಾನ ಕಾಲೇಜಿನವರೂ ಇಂಜಿನಿಯರಿಂಗ್ ಕಾಲೇಜಿನವರೂ ಅಂತರ ಕಾಲೇಜು ಪಂದ್ಯದಲ್ಲಿ ಎದುರಾಗುವ ಸಂದರ್ಭವೇ ಇಲ್ಲವಾಯಿತು.

ಹರಿಹರದವರ ಪಾಡು ಇದಕ್ಕಿಂತ ವಿಚಿತ್ರ. 1956ರ ಏಕೀಕರಣಕ್ಕೆ ಮೊದಲು ಹರಿಹರವು ಮೈಸೂರು ಸಂಸ್ಥಾನದ ಗಡಿ. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬಯಿ ಪ್ರಾಂತ. ರಾಜ್ಯಗಳು ಒಂದಾದವು, ಆದರೆ ವಿಶ್ವವಿದ್ಯಾಲಯಗಳ ಗಡಿ ಹೊಳೆಯಲ್ಲಿಯೇ ಉಳಿಯಿತು. ಹೊಳೆಯಾಚೆಯ ರಾಣೇಬೆನ್ನೂರಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು, ಈಚೆಯ ಹರಿಹರ ಮೈಸೂರಿಗೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಹುಡುಗರೊಡನೆ ಆಡದೆ, ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಮೈಸೂರಿಗೆ ಹೋಗಬೇಕಾದ ವ್ಯವಸ್ಥೆ ಅದು. ಅಲ್ಲಿ ಟಿ.ವಿ.ಯೂ ಇರಲಿಲ್ಲ, ಹಣವೂ ಇರಲಿಲ್ಲ. ಇದ್ದದ್ದು ಯಾವುದೋ ಕಚೇರಿಯಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಊರಿಗೆ ಬಂದಿದ್ದಾಗ ಅಲ್ಲಿಯ ಕಾಲೇಜು ಕ್ರೀಡೆಗಳ ವಿಷಯ ವಿವರಿಸಿದರು. ಅಲ್ಲಿನ ಕಾಲೇಜುಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಾಗಿ ಸೇರಿಕೊಂಡು ತಮ್ಮೊಳಗೆ ಆಡುತ್ತವೆ. ಮೊದಲು ಅವು ನೆರೆಹೊರೆಯ ಕಾಲೇಜುಗಳ ಕೂಟಗಳೇ ಆಗಿದ್ದವು. ಪಶ್ಚಿಮ ಕರಾವಳಿಯ ಪ್ಯಾಕ್-12 ಎಂಬ ಕೂಟದ ಮೂಲ 1915ರಷ್ಟು ಹಿಂದಿನದು. 2022ರಲ್ಲಿ ಲಾಸ್ ಏಂಜಲೀಸ್ ನಗರದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ತೊರೆದು ‘ಬಿಗ್ ಟೆನ್’ ಎಂಬ ಕೂಟಕ್ಕೆ ಸೇರುವುದಾಗಿ ಪ್ರಕಟಿಸಿದವು. ಅದೇ ವರ್ಷ ಆ ಕೂಟವು ಟಿ.ವಿ. ಸಂಸ್ಥೆಗಳೊಡನೆ ಏಳು ವರ್ಷಗಳಿಗೆ ಸುಮಾರು 700 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತೆಂದು ವರದಿಯಾಯಿತು. 2024ರ ಆಗಸ್ಟ್ ವೇಳೆಗೆ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಹೊರಟುಹೋಗಿ, ನೂರು ವರ್ಷದ ಆ ಮನೆಯಲ್ಲಿ ಇಬ್ಬರು ಮಾತ್ರ ಉಳಿದರು. ಶಾಂತಸಾಗರದ ಸಮೀಪದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದ ಕೂಟದ ಹೆಸರೇನು ಗೊತ್ತೇ? ‘ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್’!

ಈ ಹಣವೆಲ್ಲ ಮುಖ್ಯವಾಗಿ ಅವರ ಫುಟ್‌ಬಾಲ್ ಆಟಕ್ಕೆ ಬರುವಂಥದು. ಆದರೆ ಕೂಟ ಬದಲಾದರೆ ವಾಲಿಬಾಲ್ ಆಡುವ ಹುಡುಗಿಯೂ ಅದೇ ದಾರಿಯಲ್ಲಿ ಹೋಗಬೇಕು. ಲಾಸ್ ಏಂಜಲೀಸಿನಿಂದ ನ್ಯೂಜೆರ್ಸಿಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರು. ಕಾಶ್ಮೀರ ಮತ್ತು ಕನ್ಯಾಕುಮಾರಿಗಳ ನಡುವಿನ ಅಂತರಕ್ಕಿಂತ ಹೆಚ್ಚು. ವಿಮಾನದಲ್ಲಿಯೇ ಹೋಗುತ್ತಾರೆ ನಿಜ. ಆದರೆ ಮರುದಿನದ ಪಾಠ, ಪರೀಕ್ಷೆ, ನಿದ್ರೆ ಇವುಗಳನ್ನು ವಿಮಾನ ಕೊಂಡುತರಲಾರದು.

ಹಾಗಾದರೆ ಹಣವೇ ಬೇಡವೇ? ಹಾಗೆನ್ನುವುದು ಹೊಟ್ಟೆ ತುಂಬಿದವರ ಮಾತಾದೀತು. ಕಬಡ್ಡಿ ಆಡಿದರೆ ಹೆಚ್ಚೆಂದರೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಒಂದು ಕೆಲಸ ಸಿಕ್ಕೀತೆಂಬ ಕಾಲವನ್ನು ನಾನು ಕಂಡಿದ್ದೇನೆ. ಇಂದು ಒಬ್ಬ ರೈತನ ಮಗ ಅದರಿಂದಲೇ ಮನೆ ಕಟ್ಟಿಸಿದರೆ ನನಗೆ ಸಂತೋಷವೇ. ಮಹಿಳೆಯರ ಪ್ರೀಮಿಯರ್ ಲೀಗಿನ ಪ್ರಸಾರ ಹಕ್ಕಿಗೆ ಐದು ವರ್ಷಗಳಿಗೆ 951 ಕೋಟಿ ರೂಪಾಯಿ ಬಂದಿತೆಂಬ ಸುದ್ದಿ ಓದಿದಾಗ, ಗಂಡುಮಕ್ಕಳ ಆಟವೆಂದು ಬ್ಯಾಟನ್ನು ಮುಟ್ಟಗೊಡದಿದ್ದ ಮನೆಗಳ ನೆನಪಾಗಿ ಹಿಗ್ಗಿದೆ. ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎಂದರು ಹಿರಿಯರು. ದೊಡ್ಡಪ್ಪನನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಯಾರೂ ಹೇಳಲಿಲ್ಲ. ಅವನ ಮೇಲೊಬ್ಬ ಹಿರಿಯನಿರಲಿ ಎಂದರು ಅಷ್ಟೆ.

ಆ ಹಿರಿತನ ಯಾರದಾಗಬೇಕು? ಆಡುವ ಮಕ್ಕಳದು. ಶಿಕ್ಷಕನಾಗಿ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಹರಿಹರ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ಕಬಡ್ಡಿಯಲ್ಲಿ ಬಹಳ ಚುರುಕು. ಹೋಬಳಿ, ತಾಲ್ಲೂಕು ಮಟ್ಟಗಳಲ್ಲಿ ಗೆದ್ದಳು. ಜಿಲ್ಲಾ ಮಟ್ಟದ ಆಟ 1997ಕ್ಕೆ ಮೊದಲಾಗಿದ್ದರೆ ಚಿತ್ರದುರ್ಗದಲ್ಲಿ ನಡೆಯುತ್ತಿತ್ತು. ಹೊಸ ಜಿಲ್ಲೆಯಾದ್ದರಿಂದ ದಾವಣಗೆರೆಯಲ್ಲಿಯೇ ನಡೆಯಿತು. ಹರಿಹರದಿಂದ ಹದಿನಾಲ್ಕು ಕಿಲೋಮೀಟರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾಗಿತ್ತು. ತಂದೆ ಒಪ್ಪಿದರು, ತಾವೂ ಬಂದು ಮೈದಾನದ ಅಂಚಿನಲ್ಲಿ ನಿಂತು ನೋಡಿದರು. ಮುಂದಿನ ವಿಭಾಗ ಮಟ್ಟದ ಪಂದ್ಯ ದೂರದ ಊರಿನಲ್ಲಿತ್ತು, ಎರಡು ರಾತ್ರಿ ತಂಗಬೇಕಿತ್ತು. “ಮೇಷ್ಟ್ರೇ, ಇಷ್ಟು ಆಡಿದಳಲ್ಲ, ಸಾಕು ಬಿಡಿ” ಎಂದರು ತಂದೆ. ನಾನೂ ಜೊತೆಗಿದ್ದ ಶಿಕ್ಷಕಿಯೂ ಎಷ್ಟು ಹೇಳಿದರೂ ಅವರು ಕದಲಲಿಲ್ಲ. ಅವಳ ಆಟ ಅಲ್ಲಿಗೆ ನಿಂತಿತು. ಅವಳನ್ನು ಸೋಲಿಸಿದ್ದು ಎದುರಾಳಿಯಲ್ಲ, ದೂರ.

ಆದ್ದರಿಂದ ಲೀಗು ನಡೆಸುವವರಲ್ಲಿ ನನ್ನ ಬೇಡಿಕೆ ಸಣ್ಣದು. ಒಂದು ಊರಿನ ಹೆಸರನ್ನು ತಂಡಕ್ಕೆ ಇಟ್ಟುಕೊಂಡರೆ ವರ್ಷಕ್ಕೆ ಒಂದು ಪಂದ್ಯವನ್ನಾದರೂ ಆ ಊರಿನಲ್ಲಿ ಆಡಿಸಿ. ಅಲ್ಲಿ ತಕ್ಕ ಮೈದಾನವಿಲ್ಲವೆಂದಾದರೆ, ಹೆಸರಿನ ಬಾಡಿಗೆಯೆಂದು ತಿಳಿದು ಒಂದು ಮೈದಾನ ಮಾಡಿಕೊಡಿ. ಭಾರತೀಯ ಕ್ರಿಕೆಟ್ ಮಂಡಳಿಯ ಪ್ರಸಾರದ ಆದಾಯದಲ್ಲಿ ರಾಜ್ಯ ಸಂಸ್ಥೆಗಳಿಗೂ ಪಾಲು ಬರುತ್ತದೆ. ಅದು ಜಿಲ್ಲೆಯ ಮಣ್ಣಿನವರೆಗೂ ಹರಿದುಬರಲಿ.

ಆದರೆ ಅವರು ಮಾಡಲಿ ಎಂದು ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಯಾವ ವಿಶ್ವವಿದ್ಯಾಲಯದ ಗಡಿಯಿದೆ? ಎಲ್ಲೆಲ್ಲಿಂದಲೋ ಪೈಲ್ವಾನರು ಬರುತ್ತಾರೆ, ಊರವರು ಸುತ್ತಲೂ ಕುಳಿತು ನೋಡುತ್ತಾರೆ. ದಾವಣಗೆರೆಯ ಹೈಸ್ಕೂಲ್ ಮೈದಾನದ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಸೇರುವ ಜನರನ್ನು ನೋಡಿದವರಿಗೆ ನಮ್ಮ ಊರಿನಲ್ಲಿ ಪ್ರೇಕ್ಷಕರಿಗೆ ಬರವಿಲ್ಲವೆಂಬುದು ಗೊತ್ತು. ಅಂಥದೇ ಒಂದು ಕಾಲೇಜು ಪಂದ್ಯಾವಳಿಯನ್ನು ನಾವೇಕೆ ಕಟ್ಟಬಾರದು? ಯಾವ ವಿಶ್ವವಿದ್ಯಾಲಯ, ಯಾವ ಜಿಲ್ಲೆ ಎಂದು ಕೇಳದೆ, ದಾವಣಗೆರೆ, ಹರಿಹರ ಮತ್ತು ಸೇತುವೆಯಾಚೆಯ ರಾಣೇಬೆನ್ನೂರಿನ ಕಾಲೇಜುಗಳು ಸೇರಲಿ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇರಲಿ. ಹುಡುಗಿಯರ ಪಂದ್ಯಗಳು ಹಗಲಿನಲ್ಲಿ ಮುಗಿಯಲಿ. ಆಡಿದವರೆಲ್ಲರೂ ಕತ್ತಲಾಗುವುದರೊಳಗೆ ಬಸ್ಸು ಹತ್ತಿ ಮನೆ ಸೇರುವಂತಿರಲಿ. ಅದನ್ನು ಯೂಟ್ಯೂಬಿನಲ್ಲಿ ತೋರಿಸುವುದಾದರೆ ತೋರಿಸಲಿ, ನನ್ನ ಅಭ್ಯಂತರವಿಲ್ಲ. ಕ್ಯಾಮೆರಾ ಮೈದಾನಕ್ಕೆ ಬರಲಿ, ಮೈದಾನ ಕ್ಯಾಮೆರಾದ ಹಿಂದೆ ಹೋಗುವುದು ಬೇಡ.

ನಿಮ್ಮಲ್ಲಿ ಹಲವರು ಈಗ ಒಳ್ಳೆಯ ಸ್ಥಾನಗಳಲ್ಲಿದ್ದೀರಿ. ಕೆಲವರು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದೀರಿ, ಕೆಲವರು ವ್ಯಾಪಾರದಲ್ಲಿದ್ದೀರಿ. ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗ ತುಂಬದೆ ಉಳಿದ ಶಾಲೆಗಳು ಎಷ್ಟೋ ಇವೆ. ಅಲ್ಲಿಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಎಷ್ಟು ಕಾಲವಾಯಿತೋ. ಹಳೆಯ ವಿದ್ಯಾರ್ಥಿಗಳ ಸಂಘಗಳು ಗುರುವಂದನೆಯೆಂದು ನಮಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತೀರಿ. ನಿಮ್ಮ ಪ್ರೀತಿಗೆ ನಾನು ಋಣಿ. ಈ ಬಾರಿ ಆ ಹಣದಲ್ಲಿ ಒಂದು ವಾಲಿಬಾಲ್ ನೆಟ್, ಎರಡು ಚೆಂಡು, ಒಂದು ಮೂಟೆ ಸುಣ್ಣ ತಂದುಕೊಟ್ಟರೆ ನನಗೆ ಶಾಲಿಗಿಂತ ಹೆಚ್ಚು ಬೆಚ್ಚಗಾದೀತು. ಪಂದ್ಯಾವಳಿಯ ವಿಷಯದಲ್ಲಿ ಯಾರಿಗಾದರೂ ಮನಸ್ಸಿದ್ದರೆ ತಿಳಿಸಿ. ಓಡಾಡುವ ಕೆಲಸಕ್ಕೆ ನಾನಿನ್ನೂ ಸಿದ್ಧನಿದ್ದೇನೆ. ಸೀಟಿ ಊದುವುದಕ್ಕೆ ಉಸಿರೂ ಇದೆ.